ಮಂಗಳವಾರದ ನೀರು

ಮಾಲಿನ್ಯ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳಿಗೆ ಬಹಿರಂಗವಾಗಿ

ಮಾನ್ಯರೇ,

ನಿಮ್ಮ ಹೊಸ ವರದಿಯ ಮುಖಪುಟದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಬೆನ್ನು ಬಗ್ಗಿಸಿ, ಬೆಡ್‌ಶೀಟು ಹಿಂಡುತ್ತಿರುವ ಹೆಂಗಸು ನನ್ನ ಅಕ್ಕ. ಅವಳ ಹಿಂದೆ ಇನ್ನೂ ಹತ್ತು ಹನ್ನೆರಡು ಜನ ಒಗೆಯುತ್ತಿದ್ದಾರೆ, ದಡದ ಹಗ್ಗಗಳ ಮೇಲೆ ಬಿಳಿ ಬಟ್ಟೆಗಳು ಸಾಲುಸಾಲಾಗಿ ಹಾರಾಡುತ್ತಿವೆ. ಕೆಳಗೆ ‘ಮರುಜೀವ ಪಡೆದ ನದಿ: ದಡಕ್ಕೆ ಮರಳಿದ ಒಗೆಯುವವರು’ ಎಂದು ಅಚ್ಚು ಹಾಕಿಸಿದ್ದೀರಿ. ಚಿತ್ರ ಚೆನ್ನಾಗಿದೆ. ಸುಳ್ಳು ಇಷ್ಟು ಚೆನ್ನಾಗಿ ಕಾಣಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ನಿಮ್ಮ ಛಾಯಾಗ್ರಾಹಕ ಬಂದದ್ದು ಮಂಗಳವಾರ. ಬುಧವಾರ ಬಂದಿದ್ದರೆ ಆ ದಡದಲ್ಲಿ ಅವನ ಕ್ಯಾಮೆರಾಕ್ಕೆ ಒಂದು ನಾಯಿಯೂ ಸಿಗುತ್ತಿರಲಿಲ್ಲ.

ಈ ವರದಿಯನ್ನೇ ಆಧಾರವಾಗಿಟ್ಟುಕೊಂಡು, ಅಕ್ಕ ಒಗೆಯುವ ಕಲ್ಲಿನಿಂದ ನೂರು ಹೆಜ್ಜೆ ಕೆಳಗೆ ಕಟ್ಟಿರುವ ಪಂಪ್‌ಹೌಸಿಗೆ ನೀವು ಒಪ್ಪಿಗೆ ಕೊಟ್ಟಿದ್ದೀರಿ. ಬರುವ ತಿಂಗಳ ಮೊದಲ ಮಂಗಳವಾರ ಅದರ ಉದ್ಘಾಟನೆ. ಅಂದಿನಿಂದ ಆ ದಡದ ಹನ್ನೊಂದು ಬೀದಿಗಳ ಜನ ಕಾಗದದ ಮಿಲ್ಲಿನ ಕೆಳಗಿನ ನೀರನ್ನು ಕುಡಿಯಬೇಕು. ಹನ್ನೊಂದರಲ್ಲಿ ಒಂದು ಬೀದಿ ಅಕ್ಕನದು. ಅದನ್ನು ನಿಲ್ಲಿಸಿ ಎಂದು ಕೇಳಲು ಈ ಪತ್ರ. ಕೇಳಲು ನಾನು ಯಾರು ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವರದಿಯ ಮೂವತ್ತೇಳನೆಯ ಪುಟದಲ್ಲಿ ಮಾಲಿನ್ಯದ ಗೆರೆಯೊಂದು ಇಳಿಜಾರಿನಲ್ಲಿ ಜಾರುವಂತೆ ಇಳಿದಿದೆಯಲ್ಲ, ಆ ಗೆರೆಯ ಕೊನೆಯ ಎಂಟು ವರ್ಷದ ಒಂದೊಂದು ಚುಕ್ಕೆಗೂ ಪರೀಕ್ಷೆಯ ನೀರಿನ ಬಾಟಲಿ ತುಂಬಿಸಿ ಕೊಟ್ಟವನು ನಾನು. ಮಿಲ್ಲಿನ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಸಹಾಯಕನಾಗಿದ್ದು, ಮೂರು ತಿಂಗಳ ಹಿಂದೆ ನಿವೃತ್ತನಾದೆ. ಕೆಲಸ ಹೋಗುವ ಭಯ ಹೋದ ಮೇಲೆ ಧೈರ್ಯ ಬಂದಿದೆ. ಇಂಥ ಧೈರ್ಯಕ್ಕೆ ಮೂರು ಕಾಸಿನ ಬೆಲೆಯಿಲ್ಲ ಎಂಬುದು ನನಗೂ ಗೊತ್ತು.

ಮೊದಲು ಆ ಗೆರೆಯ ವಿಚಾರ. ‘ಹದಿನೆಂಟು ವರ್ಷಗಳ ಈ ಇಳಿಕೆಗೆ ಕಚೇರಿಯ ನಿರಂತರ ನಿಗಾ ಮತ್ತು ಕಟ್ಟುನಿಟ್ಟಿನ ಕ್ರಮಗಳೇ ಕಾರಣ’ ಎಂದು ಬರೆದಿದ್ದೀರಿ. ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದುಕೊಂಡಿದ್ದ ಮುದುಕಿ ಕೊನೆಗೆ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಊರು ಬಿಟ್ಟಳಂತೆ. ನೀವು ಊರೂ ಬಿಡಲಿಲ್ಲ, ಕೋಳಿಯನ್ನೂ ಬಿಡಲಿಲ್ಲ. ಆ ಕೋಳಿಗೆ ಪ್ರಶಸ್ತಿಯನ್ನೂ ಕೊಡಿಸಿದಿರಿ.

ಗೆರೆ ಮೊದಲು ಇಳಿದದ್ದು ಮೂರನೆಯ ವರ್ಷ. ಅದುವರೆಗೆ ಮರ ಬೇಯಿಸಿದ ಕಪ್ಪು ನೀರನ್ನು ಮಿಲ್ಲು ಹಾಗೇ ನದಿಗೆ ಬಿಡುತ್ತಿತ್ತು. ಆ ವರ್ಷ ಮರ ಬೇಯಿಸಲು ಹಾಕುವ ಸೋಡಾದ ಬೆಲೆ ಏರಿತು. ಕಪ್ಪು ನೀರಿನಲ್ಲಿ ಸೋಡಾ ಕರಗಿ ಹೋಗುತ್ತಿದೆಯಲ್ಲ ಎಂದು ಮ್ಯಾನೇಜರಿಗೆ ಹೊಟ್ಟೆ ಉರಿಯಿತು. ಹೊಸ ಬಾಯ್ಲರ್ ತರಿಸಿ, ಕಪ್ಪು ನೀರನ್ನು ಗಟ್ಟಿ ಮಾಡಿ ಸುಟ್ಟು, ಸೋಡಾವನ್ನು ವಾಪಸು ತೆಗೆಯತೊಡಗಿದರು. ನದಿಯ ಮೇಲಿನ ಕರುಣೆಯಿಂದಲ್ಲ, ನಿಮ್ಮ ನೋಟಿಸಿಗೆ ಹೆದರಿಯೂ ಅಲ್ಲ. ಆಮೇಲೆ ಆರನೆಯ ವರ್ಷ ಗೆರೆ ಪಾತಾಳಕ್ಕೆ ಇಳಿದು ಮತ್ತೆ ಎದ್ದಿದೆ, ನೋಡಿ. ಆ ಎಪ್ಪತ್ತೊಂದು ದಿನ ನಾವು ಮುಷ್ಕರ ಹೂಡಿ ಗೇಟಿನ ಮುಂದೆ ಕೂತಿದ್ದೆವು. ಮಿಲ್ಲು ನಿಂತಿತ್ತು. ಕಲ್ಲಿನ ಸಂದಿಯಲ್ಲಿ ಬೆರಳುದ್ದದ ಮೀನು ಕಾಣಿಸಿಕೊಂಡವು. ‘ಅತ್ಯುತ್ತಮ ನಿಯಂತ್ರಣ’ಕ್ಕೆಂದು ನಿಮ್ಮ ಕಚೇರಿಗೆ ಫಲಕ ಬಂದದ್ದು ಅದೇ ವರ್ಷ. ಉಪವಾಸ ಕೂತವರು ನಾವು, ಹಾರ ಬಿದ್ದದ್ದು ನಿಮ್ಮ ಕೊರಳಿಗೆ. ಇರಲಿ ಬಿಡಿ, ಹಾರ ಬಾಡುತ್ತದೆ.

ಒಂದು ನಿಜವಾದ ಇಳಿಕೆಯೂ ಇದೆ. ಕೋಪದಲ್ಲಿ ಅದನ್ನು ನುಂಗಿಹಾಕುವುದು ನ್ಯಾಯವಲ್ಲ. ಎಂಟನೆಯ ವರ್ಷ ಮಿಲ್ಲು ಕ್ಲೋರಿನ್ ಅನಿಲದಿಂದ ಕಾಗದ ಬಿಳುಪು ಮಾಡುವುದನ್ನು ನಿಲ್ಲಿಸಿತು. ಅದಕ್ಕೆ ಮೊದಲು ನೀವು ಹದಿನಾಲ್ಕು ನೋಟಿಸ್ ಕೊಟ್ಟಿದ್ದಿರಿ. ಹದಿನಾಲ್ಕೂ ಮ್ಯಾನೇಜರ ಕೋಣೆಯ ಕಪಾಟಿನಲ್ಲಿ ಕ್ರಮವಾಗಿ, ದಾರ ಕಟ್ಟಿಸಿಕೊಂಡು ಕೂತಿದ್ದವು. ಆಮೇಲೆ ಕಡಲಾಚೆಯಿಂದ ಒಂದು ಕಾಗದ ಬಂತು. ಮಕ್ಕಳ ಆಹಾರದ ಡಬ್ಬಿ ಮಾಡುವವರೊಬ್ಬರು ಎರಡೇ ಸಾಲು ಬರೆದಿದ್ದರು: ಕ್ಲೋರಿನ್ ಹಾಕಿದ ಕಾಗದ ನಮಗೆ ಬೇಡ, ಎಂಟು ತಿಂಗಳಲ್ಲಿ ಬದಲಾಯಿಸದಿದ್ದರೆ ಬೇರೆ ಮಿಲ್ಲು ನೋಡಿಕೊಳ್ಳುತ್ತೇವೆ. ಏಳು ತಿಂಗಳಲ್ಲಿ ಬದಲಾಯಿತು. ಹದಿನಾಲ್ಕು ನೋಟಿಸಿನಿಂದ ಆಗದ ಕೆಲಸ ಒಬ್ಬ ಗಿರಾಕಿಯ ಎರಡು ಸಾಲಿನಿಂದ ಆಯಿತು. ಯಾರ ಮಾತಿಗೆ ಮಿಲ್ಲು ತಲೆಬಾಗುತ್ತದೆ ಎಂದು ಆಗಲೇ ನಿಮಗೆ ಅರ್ಥವಾಗಬೇಕಿತ್ತು. ಏಕೆಂದರೆ, ಮಾನ್ಯರೇ, ಎರಡು ವರ್ಷ ಕಳೆಯುವಷ್ಟರಲ್ಲಿ ನೀವೂ ಗಿರಾಕಿಯಾದಿರಿ.

ನೆನಪಿದೆಯೇ? ಹತ್ತನೆಯ ವರ್ಷ ನಿಮ್ಮ ಕಚೇರಿ ಕಾಗದಕ್ಕೆ ಟೆಂಡರ್ ಕರೆಯಿತು. ‘ಬಿಳುಪು ನೂರಕ್ಕೆ ತೊಂಬತ್ತಕ್ಕಿಂತ ಕಡಿಮೆ ಇರಬಾರದು’ ಎಂದು ಅದರಲ್ಲಿ ಷರತ್ತು. ಅದುವರೆಗೆ ಎಂಬತ್ತರ ಕಾಗದದಲ್ಲೇ ನಿಮ್ಮ ವರದಿಗಳು ಅಚ್ಚಾಗುತ್ತಿದ್ದವು. ಆ ಹಳದಿ ಛಾಯೆ ಓದುವವರ ಕಣ್ಣಿಗೇನೂ ಚುಚ್ಚುತ್ತಿರಲಿಲ್ಲ. ಯಾರ ಮೇಜಿನ ಮೇಲೆ, ಯಾರಿಗೆ ಅದು ಮಾಸಲಾಗಿ ಕಂಡಿತೋ ನನಗೆ ಗೊತ್ತಿಲ್ಲ. ನಿಮ್ಮ ಷರತ್ತನ್ನು ನೋಡಿ ಉಳಿದ ಇಲಾಖೆಗಳೂ ತಮ್ಮ ಷರತ್ತು ತಿದ್ದಿಕೊಂಡವು. ಪರೀಕ್ಷೆಯ ಉತ್ತರಪತ್ರಿಕೆ ತೊಂಬತ್ತು, ಜನನ ಪತ್ರ ತೊಂಬತ್ತು, ಮರಣ ಪತ್ರವೂ ತೊಂಬತ್ತು. ಮಿಲ್ಲಿನಲ್ಲಿ ಬಿಳುಪು ಮಾಡುವ ಬಾನಿ ಮೂರಿದ್ದದ್ದು ಐದಾಯಿತು.

ಬಿಳುಪು ಎಂದರೆ ಏನೆಂದು ಒಂದೇ ಮಾತಿನಲ್ಲಿ ಹೇಳುತ್ತೇನೆ, ಏಕೆಂದರೆ ನಿಮ್ಮ ಇನ್ನೂರ ಹನ್ನೆರಡು ಪುಟಗಳಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಕಂದು ಅಂಟೊಂದಿದೆ. ಕಾಗದ ಬೆಳ್ಳಗಾಗಬೇಕಾದರೆ ಆ ಅಂಟು ಹೋಗಬೇಕು. ಹೋಗುವುದೆಂದರೆ ಮಾಯವಾಗುವುದಲ್ಲ, ನೀರಿಗೆ ಹೋಗುವುದು. ಕೊನೆಯ ಹತ್ತು ಅಂಶದ ಬಿಳುಪಿಗಾಗಿ ಮೊದಲಿನ ಎಂಬತ್ತಕ್ಕಿಂತ ಕಟುವಾದ ರಾಸಾಯನಿಕ ಔಷಧ ಹಾಕಬೇಕು, ಆ ಔಷಧವೂ ಅಂಟಿನ ಜೊತೆಗೇ ನದಿ ಸೇರುತ್ತದೆ. ಮಿಲ್ಲು ಹಳೆಯ ರಟ್ಟನ್ನು ಅರೆದು ಕಂದು ಕಾಗದ ಮಾಡಿದ ದಿನ ನದಿ ತಿಳಿಯಾಗಿರುತ್ತದೆ. ಬೆಳ್ಳನೆಯ ಕಾಗದ ಮಾಡಿದ ದಿನ ನದಿ ಕಂದಾಗಿ, ನೊರೆ ಕಟ್ಟಿಕೊಂಡು ಹರಿಯುತ್ತದೆ. ಮಾಲಿನ್ಯ ಏರುವುದಕ್ಕೂ ಇಳಿಯುವುದಕ್ಕೂ ಕಾರಣ ಹುಡುಕಲು ನೀವು ಮೂವರು ತಜ್ಞರನ್ನು ನೇಮಿಸಿದ್ದಿರಂತೆ. ಅಕ್ಕನನ್ನು ಕೇಳಿದ್ದರೆ ಒಂದು ಲೋಟ ಟೀ ಕುಡಿದು ಮುಗಿಸುವಷ್ಟರಲ್ಲಿ ಹೇಳಿಬಿಡುತ್ತಿದ್ದಳು.

ಹೀಗಾಗಿ ನಿಮ್ಮ ಟೆಂಡರಿನ ಆರು ತಿಂಗಳಿಗೆ ಬಾಟಲಿಯ ನೀರಿನ ಮಾಲಿನ್ಯದ ಅಂಕಿ ಎರಡೂವರೆ ಪಟ್ಟು ಏರಿತು. ನಿಮಗೆ ಸಿಟ್ಟು ಬಂತು. ಹದಿನೈದನೆಯ ನೋಟಿಸ್ ಬಂತು: ಅಂಕಿ ಇಳಿಸಿ, ಇಲ್ಲವಾದರೆ ಬೀಗ. ಒಂದು ಕೈಯಲ್ಲಿ ‘ಇನ್ನೂ ಬೆಳ್ಳಗೆ ಮಾಡಿ’ ಎಂಬ ಟೆಂಡರ್, ಇನ್ನೊಂದು ಕೈಯಲ್ಲಿ ‘ನೀರು ತಿಳಿಯಾಗಿಸಿ’ ಎಂಬ ನೋಟಿಸ್. ಎರಡಕ್ಕೂ ಸಹಿ ಒಂದೇ. ಆ ನೋಟಿಸಿನಿಂದ ಏನೂ ಆಗಲಿಲ್ಲ ಎಂದು ನಾನು ಹೇಳುವುದಿಲ್ಲ. ಅದರಿಂದ ಒಂದು ಬದಲಾವಣೆ ಆಯಿತು. ಮಂಗಳವಾರ ಬದಲಾಯಿತು.

ನಿಮ್ಮ ಕಚೇರಿಗಿದ್ದದ್ದು ಒಂದೇ ಜೀಪು. ಸೋಮವಾರ ಸಭೆಗೆ, ಬುಧವಾರ ಕೋರ್ಟಿಗೆ, ಉಳಿದ ದಿನ ಬೇರೆ ಕಡೆಗೆ. ನಮ್ಮ ಮಿಲ್ಲಿಗೆ ಅದು ಬರುತ್ತಿದ್ದದ್ದು ಮಂಗಳವಾರ ಬೆಳಗ್ಗೆ ಹತ್ತೂವರೆಗೆ. ನಿಯಮದಲ್ಲಿ ‘ಮುನ್ಸೂಚನೆ ಇಲ್ಲದೆ ವಾರಕ್ಕೊಮ್ಮೆ’ ಎಂದಿದೆ. ಸರಿಯೇ, ನೀವು ಒಮ್ಮೆಯೂ ಮುನ್ಸೂಚನೆ ಕೊಡಲಿಲ್ಲ. ಸೂರ್ಯನೂ ಕೊಡುವುದಿಲ್ಲ. ಹದಿನೈದನೆಯ ನೋಟಿಸಿನ ಮರುದಿನ ಮ್ಯಾನೇಜರ್ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಬಹಳ ಹೊತ್ತು ನಿಂತಿದ್ದರಂತೆ. ಅಂದಿನಿಂದ ಪ್ರತಿ ಸೋಮವಾರ ಮಧ್ಯಾಹ್ನದ ಪಾಳಿಯ ಮೇಸ್ತ್ರಿ ಯಂತ್ರದ ಕೋಣೆಗೆ ಬಂದು ಒಂದೇ ಮಾತು ಹೇಳುತ್ತಿದ್ದ. ಅವನ ಬಾಯಲ್ಲಿ ಸದಾ ಶಿಳ್ಳೆ, ಹಾಗಾಗಿ ನಾವು ಅವನನ್ನು ಕರೆಯುತ್ತಿದ್ದದ್ದೇ ಸೀಟಿ ಎಂದು.

“ನಾಳೆ ಮಂಗಳವಾರ ಕಣ್ರಪ್ಪಾ, ಬಿಳಿ ನಿಲ್ಸಿ, ರಟ್ಟು ಹಾಕಿ.”

ಅಷ್ಟೇ. ಬಿಳುಪಿನ ಐದೂ ಬಾನಿ ಸೋಮವಾರ ಸಂಜೆಗೆ ನಿಲ್ಲುತ್ತಿದ್ದವು, ಮಂಗಳವಾರ ಸಂಜೆಗೆ ಮತ್ತೆ ಶುರು. ಯಾರೂ ನೀರಿಗೆ ನೀರು ಬೆರೆಸಲಿಲ್ಲ, ಬಾಟಲಿ ಬದಲಿಸಲಿಲ್ಲ, ಅಂಕಿ ತಿದ್ದಲಿಲ್ಲ. ಕೊಳೆನೀರಿನ ಕೊಳವೆಯ ಬಾಯಿಗೆ ಇಪ್ಪತ್ತೆರಡು ಮೆಟ್ಟಿಲು ಇಳಿಯಬೇಕು, ಪಾಚಿ ಹಿಡಿದ ಮೆಟ್ಟಿಲು. ನಿಮ್ಮ ಇನ್ಸ್‌ಪೆಕ್ಟರು ಮೇಲಿನ ಮೆಟ್ಟಿಲ ಮೇಲೆ ನಿಂತು ಪ್ಯಾಂಟಿನ ಅಂಚು ನೋಡಿಕೊಳ್ಳುತ್ತಿದ್ದರು.

“ನೀವೇ ಇಳಿದು ತುಂಬ್ಕೊಂಡು ಬನ್ನಿ, ನಿಮಗೆ ಅಭ್ಯಾಸ ಇದೆಯಲ್ಲ” ಎನ್ನುತ್ತಿದ್ದರು.

ನಾನು ಇಳಿದು ತುಂಬಿಸಿಕೊಂಡು ಬರುತ್ತಿದ್ದೆ. ಅವರು ಅರಗು ಹಾಕಿ, ಮುದ್ರೆ ಒತ್ತಿ, ಟೀ ಕುಡಿದು ಹೋಗುತ್ತಿದ್ದರು. ಬಾಟಲಿಯೊಳಗಿನ ನೀರು ಅಪ್ಪಟ ಸತ್ಯ. ಸುಳ್ಳು ಇದ್ದದ್ದು ವಾರದಲ್ಲಿ. ಹೀಗೆ ಎಂಟು ವರ್ಷ, ನಾನೂರಕ್ಕೂ ಹೆಚ್ಚು ಬಾಟಲಿ.

ಒಮ್ಮೆ ಮಾತ್ರ ನೀವು ಸತ್ಯಕ್ಕೆ ಡಿಕ್ಕಿ ಹೊಡೆಯುವಷ್ಟು ಹತ್ತಿರ ಬಂದಿದ್ದಿರಿ. ಹದಿನಾಲ್ಕನೆಯ ವರ್ಷ ಜೀಪಿನ ಅಚ್ಚು ಮುರಿಯಿತು. ನಾಲ್ಕು ವಾರ ಬೇರೆ ಇಲಾಖೆಯ ಗಾಡಿ ಬೇಡಿಕೊಂಡು ಶುಕ್ರವಾರ ಬಂದಿರಿ. ಅಂಕಿ ಮೂರು ಪಟ್ಟು ಏರಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿತ್ತೇ? ನಿಮಗೆ ಬೇಕಿತ್ತು. ‘ಅಳತೆಯ ಉಪಕರಣದಲ್ಲಿ ದೋಷ’ ಎಂದು ವರದಿಯಲ್ಲಿ ಬರೆದು ಹೊಸ ಉಪಕರಣ ತರಿಸಿದಿರಿ. ಅಷ್ಟರಲ್ಲಿ ಜೀಪು ರಿಪೇರಿಯಾಗಿ ಮಂಗಳವಾರ ಮರಳಿತು, ಅಂಕಿ ಇಳಿಯಿತು. ‘ನೂತನ ಉಪಕರಣದಿಂದಾಗಿ ನಿಖರತೆ ಹೆಚ್ಚಿದೆ’ ಎಂದು ಮುಂದಿನ ವರ್ಷ ಅಚ್ಚಾಯಿತು. ನಾಲ್ಕು ವಾರ ನಿಜ ಹೇಳಿದ ಆ ಬಡಪಾಯಿ ಹಳೆಯ ಉಪಕರಣವನ್ನು ನೀವು ಗುಜರಿಗೆ ಹಾಕಿದಿರಿ. ಆ ಸುದ್ದಿ ಕೇಳಿ ನಾವೆಲ್ಲ ಕ್ಯಾಂಟೀನಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಾನೂ ನಕ್ಕೆ. ಅದನ್ನು ಬರೆಯುವಾಗ ಈಗ ನಾಚಿಕೆಯಾಗುತ್ತದೆ.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವುದು ನಿಮ್ಮನ್ನು ಬೈಯುವುದಕ್ಕಿಂತ ಕಷ್ಟ.

ನಮ್ಮ ತಾಯಿ ಹೋದಾಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನೆಂಟು. ಅವಳು ಆಸ್ಪತ್ರೆಯ ಬೆಡ್‌ಶೀಟು ಒಗೆದು ನನ್ನನ್ನು ಓದಿಸಿದಳು. ಮಿಲ್ಲಿನ ಪ್ರಯೋಗಾಲಯಕ್ಕೆ ನಾನು ಸೇರಿದ ದಿನ ಕೊಟ್ಟ ಬಿಳಿ ಕೋಟನ್ನು ನಿವೃತ್ತಿಯ ದಿನದವರೆಗೂ ಒಗೆದು, ಇಸ್ತ್ರಿ ಮಾಡಿ ಕೊಟ್ಟವಳು ಅವಳೇ. ಅವಳದೊಂದು ಪದ್ಧತಿ ಇದೆ. ನೀರಿಗೆ ಮೂಟೆ ಇಳಿಸುವ ಮೊದಲು ಹಳೆಯ ಬೆಡ್‌ಶೀಟಿನ ಒಂದು ಚಿಂದಿಯನ್ನು ಅದ್ದಿ, ಕಲ್ಲಿನ ಕೆಳಗೆ ಸಿಕ್ಕಿಸಿ, ಕೂತು ಟೀ ಕುಡಿಯುತ್ತಾಳೆ. ಟೀ ಮುಗಿಯುವಷ್ಟರಲ್ಲಿ ಚಿಂದಿ ಬೆಳ್ಳಗೇ ಇದ್ದರೆ ಮೂಟೆ ಬಿಚ್ಚುತ್ತಾಳೆ. ಬಣ್ಣ ತಿರುಗಿದ್ದರೆ ಮೂಟೆ ಹೊತ್ತು ವಾಪಸು. ಆ ದಡದವರೆಲ್ಲ ಇದನ್ನು ಅವಳಿಂದಲೇ ಕಲಿತರು. ನಿಮ್ಮ ಪ್ರಯೋಗಾಲಯದ ಫಲಿತಾಂಶಕ್ಕೆ ಇಪ್ಪತ್ತು ದಿನ ಬೇಕು, ಅಕ್ಕನಿಗೆ ಒಂದು ಲೋಟ ಟೀ ಸಾಕು.

ನಿಮ್ಮ ಟೆಂಡರಿನ ನಂತರ ಚಿಂದಿಗಳು ದಿನಾ ತಿರುಗತೊಡಗಿದವು. ಆಸ್ಪತ್ರೆಯ ಹೆಂಗಸರ ವಾರ್ಡಿನ ನರ್ಸು ಹಳದಿ ಬಿದ್ದ ಬೆಡ್‌ಶೀಟುಗಳನ್ನು ಎರಡು ಸಲ ವಾಪಸು ಕಳಿಸಿದಳು. ಅಕ್ಕ ಅವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಗ ನಾನು ಹೋದೆ.

“ಇಷ್ಟು ವರ್ಷದಲ್ಲಿ ಒಂದು ಕಲೆ ಇದೆ ಅಂತ ಯಾರೂ ಅಂದಿಲ್ಲ ಕಣೋ ನಂಗೆ” ಎಂದಳು.

ಅಷ್ಟು ಹೊತ್ತಿಗೆ ಮಂಗಳವಾರದ ಏರ್ಪಾಡು ಶುರುವಾಗಿತ್ತು. ನಾನು ಅಕ್ಕನಿಗೆ ಉಪಕಾರ ಮಾಡಿದೆ. “ಅಕ್ಕಾ, ಮಂಗಳವಾರ ಒಗಿ. ಅವತ್ತು ನೀರು ಚೆನ್ನಾಗಿರುತ್ತೆ. ಯಾಕೆ ಅಂತ ಕೇಳ್ಬೇಡ” ಎಂದೆ. ಅವಳು ಕೇಳಲಿಲ್ಲ. ತಮ್ಮನ ಮಾತಲ್ಲವೇ? ಚಿಂದಿ ಅದ್ದಿ ನೋಡಿದಳು, ಬೆಳ್ಳಗೇ ಇತ್ತು. ಆಸ್ಪತ್ರೆಯವರಿಗೆ ಹೇಳಿ ಮೂಟೆ ಸೋಮವಾರ ಸಂಜೆ ಬರುವ ಹಾಗೆ ಮಾಡಿಕೊಂಡಳು. ಪಕ್ಕದ ಕಲ್ಲಿನವರಿಗೆ ಹೇಳಿದಳು, ಅವರು ಅವರ ಪಕ್ಕದವರಿಗೆ. ಎರಡು ತಿಂಗಳಲ್ಲಿ ದಡದವರೆಲ್ಲರೂ ವಾರದ ಒಗೆತವನ್ನು ಮಂಗಳವಾರಕ್ಕೆ ಹಾಕಿಕೊಂಡರು. ‘ಮಿಲ್ಲಿನವರು ನದಿಗೆ ವಾರಕ್ಕೊಂದು ರಜೆ ಕೊಡ್ತಾರೆ’ ಎಂಬುದು ಅಲ್ಲಿನ ಮಾತಾಯಿತು. ಉಳಿದ ಆರು ದಿನ ಕಲ್ಲುಗಳು ಖಾಲಿ.

ಹಾಗಾಗಿ ನಿಮ್ಮ ಜೀಪು ಬಂದಾಗಲೆಲ್ಲ ಸೇತುವೆಯ ಮೇಲಿಂದ ಕಾಣುತ್ತಿದ್ದದ್ದು ಬಿಳಿ ಬಟ್ಟೆಗಳ ಸಂತೆ. ‘ಜನರೇ ನದಿಗೆ ಮರಳಿದ್ದಾರೆ, ಇದಕ್ಕಿಂತ ಬೇರೆ ಸಾಕ್ಷಿ ಬೇಕೇ’ ಎಂದು ವರದಿಯ ಮುನ್ನುಡಿಯಲ್ಲಿ ಬರೆದಿದ್ದೀರಿ. ಬೇಕಿತ್ತು ಮಾನ್ಯರೇ, ಬೇಕಿತ್ತು. ಆ ಸಾಕ್ಷಿಯನ್ನು ನಿಮಗಾಗಿ ದಡದಲ್ಲಿ ಸಾಲಾಗಿ ನಿಲ್ಲಿಸಿದವನು ನಾನು. ಅಕ್ಕನ ಬೆಡ್‌ಶೀಟು ಉಳಿಸಲು ಹೋಗಿ ಅಕ್ಕನನ್ನೇ ಮುಖಪುಟಕ್ಕೆ ಹಿಡಿದುಕೊಟ್ಟೆ.

ಹದಿನೈದು ದಿನದ ಹಿಂದೆ ವರದಿಯ ಒಂದು ಪ್ರತಿ ನನ್ನ ಕೈಗೆ ಬಂತು. ಅಕ್ಕನಿಗೆ ತೋರಿಸಲು ತೆಗೆದುಕೊಂಡು ಹೋದೆ. ಅವಳು ಕನ್ನಡಕ ಹುಡುಕಿ ಹಾಕಿಕೊಂಡು, ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದಳು.

“ಅಯ್ಯೋ, ನನ್ನ ಬೆನ್ನು ಇಷ್ಟು ಗೂನಾಗಿದೆಯೇನೋ? ಒಂದು ಮಾತು ಹೇಳಿದ್ರೆ ನೆಟ್ಟಗೆ ನಿಲ್ತಿದ್ನಲ್ಲ” ಎಂದು ನಕ್ಕಳು. ಆಮೇಲೆ ಕಾಗದವನ್ನು ಬೆರಳಿನಿಂದ ಸವರಿ, “ಎಷ್ಟು ಬೆಳ್ಳಗಿದೆ ನೋಡು. ನನ್ನ ಕೈಲಿ ಇಷ್ಟು ಬೆಳ್ಳಗೆ ಆಗಲ್ಲಪ್ಪ” ಎಂದಳು.

ಅವಳ ಹೊಸಿಲ ಪಕ್ಕದಲ್ಲೇ ನಿಮ್ಮ ಹೊಸ ನಲ್ಲಿ ನಿಂತಿದೆ. ಐವತ್ತು ವರ್ಷ ಅವಳು ಎರಡು ಬೀದಿ ಆಚೆಯ ಕೈಪಂಪಿನಿಂದ ಕೊಡ ಹೊತ್ತವಳು. ಅರವತ್ತೊಂಬತ್ತರ ಆ ಸೊಂಟಕ್ಕೆ ಇನ್ನು ಕೊಡ ಹೊರುವುದು ತಪ್ಪುತ್ತದೆ ಎಂಬ ಸಂತೋಷಕ್ಕೆ ಅವಳು ನಲ್ಲಿಯನ್ನು ದಿನಾ ಒರೆಸುತ್ತಾಳೆ, ಧೂಳು ಹೋಗದಿರಲೆಂದು ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದಾಳೆ. ಈ ನೀರು ಎಲ್ಲಿಂದ ಬರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಅವಳು ನಲ್ಲಿಯತ್ತ ತಿರುಗಿದಳು.

“ಮಂಗಳವಾರ ಮಾತ್ರ ಬಿಡ್ತಾರಾ?”

“ಇಲ್ಲಕ್ಕಾ. ದಿನಾ ಬಿಡ್ತಾರೆ.”

“ದಿನಾನಾ? ಹಾಗಾದ್ರೆ ಬುಧವಾರದ ನೀರು ಯಾರು ಕುಡೀಬೇಕು?”

ಈ ಪ್ರಶ್ನೆ ನಿಮ್ಮ ಇನ್ನೂರ ಹನ್ನೆರಡು ಪುಟಗಳಲ್ಲಿ ಎಲ್ಲೂ ಇಲ್ಲ. ಮೂವರು ತಜ್ಞರಿಗೂ ಹೊಳೆದಿಲ್ಲ. ಆಗ ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಸೀಟಿಯ ಮಾತು, ರಟ್ಟು, ಇಪ್ಪತ್ತೆರಡು ಮೆಟ್ಟಿಲು, ಬಾಟಲಿ, ಎಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ನಾನು ಬರೀ ಬಟ್ಟೆಗೇ ಚಿಂದಿ ಅದ್ದಿ ನೋಡ್ತೀನಿ. ಅವರು ಜನಕ್ಕೆ ನೋಡಲ್ವಾ?” ಎಂದಳು. ಆಮೇಲೆ ನನ್ನ ಮುಖ ನೋಡದೆ, “ನೀನೂ ನೋಡಲಿಲ್ಲ” ಎಂದಳು.

ಅರವತ್ತು ವರ್ಷದಲ್ಲಿ ಅಕ್ಕ ನನಗೆ ಹೇಳಿದ ಒಂದೇ ಕಠಿಣ ಮಾತು ಅದು. ಅದನ್ನು ನಾನು ಹೊತ್ತುಕೊಳ್ಳುತ್ತೇನೆ. ಆದರೆ ನನ್ನ ಪಾಲಿನದನ್ನು ಮಾತ್ರ. ನಿಮ್ಮ ಪಾಲು ನಿಮ್ಮ ಬಾಗಿಲಿಗೆ ಬಂದಿದೆ.

ನೀವು ಏನು ಹೇಳುತ್ತೀರೆಂದು ಗೊತ್ತು. ಪಂಪ್‌ಹೌಸಿನಲ್ಲಿ ನೀರನ್ನು ಸೋಸಿಯೇ ಬಿಡುತ್ತೇವೆ ಎನ್ನುತ್ತೀರಿ. ಅಲ್ಲಿ ನೀವು ಹಾಕಿರುವುದು ಮರಳಿನ ಸೋಸಣೆ. ಮರಳು ಕೆಸರನ್ನು ಹಿಡಿಯುತ್ತದೆ, ಕರಗಿದ್ದನ್ನು ಹಿಡಿಯುವುದಿಲ್ಲ. ಅದರ ಮೇಲೆ ಕ್ಲೋರಿನ್ ಹಾಕುತ್ತೀರಿ. ಆ ಕಂದು ಅಂಟಿಗೆ ಕ್ಲೋರಿನ್ ಸೇರಿದರೆ ಎಂಥ ವಿಷವಾಗುತ್ತದೆಂದು, ಅದೇ ಕಾರಣಕ್ಕೆ ಹದಿನಾಲ್ಕು ನೋಟಿಸ್ ಬರೆದ ಕಚೇರಿಗೆ ನಾನು ಪಾಠ ಹೇಳಬೇಕೇ? ಮಿಲ್ಲಿನಲ್ಲಿ ಬೇಡವೆಂದು ನಿಲ್ಲಿಸಿದ್ದನ್ನು ನಲ್ಲಿಯ ಬಾಯಲ್ಲಿ ಮತ್ತೆ ಶುರು ಮಾಡುತ್ತಿದ್ದೀರಿ. ‘ಈ ನದಿಗೆ ಮರಳಿನ ಸೋಸಣೆ ಸಾಕು’ ಎಂದು ನಿರ್ಧರಿಸಿದ್ದಾದರೂ ಯಾವ ಆಧಾರದ ಮೇಲೆ? ನನ್ನ ನಾನೂರು ಬಾಟಲಿಗಳ ಆಧಾರದ ಮೇಲೆ. ಇಷ್ಟು ದಿನ ಆ ಸುಳ್ಳು ಕಾಗದದ ಮೇಲಿತ್ತು, ಕಪಾಟಿನಲ್ಲಿತ್ತು. ಇನ್ನು ಅದು ಹನ್ನೊಂದು ಬೀದಿಗಳ ಲೋಟಕ್ಕೆ ಬೀಳುತ್ತದೆ.

ಮಿಲ್ಲು ಮುಚ್ಚಿ ಎಂದು ನಾನು ಕೇಳುತ್ತಿಲ್ಲ. ಅದರ ಅನ್ನ ಇಪ್ಪತ್ತಾರು ವರ್ಷ ಉಂಡಿದ್ದೇನೆ, ಸೀಟಿಯ ಮಗಳು ಈಗ ಅಲ್ಲೇ ಯಂತ್ರ ನಡೆಸುತ್ತಾಳೆ. ನೀವು ಎಂಬತ್ತರ ಬಿಳುಪಿಗೆ ಒಪ್ಪಿದ ದಿನ ಮಿಲ್ಲಿನ ಎರಡು ಬಾನಿ ತಾವಾಗಿ ನಿಲ್ಲುತ್ತವೆ, ಅದಕ್ಕೆ ಹದಿನಾರನೆಯ ನೋಟಿಸ್ ಬೇಕಿಲ್ಲ. ಗಿರಾಕಿಯ ಮಾತು ಮಿಲ್ಲಿಗೆ ಅರ್ಥವಾಗುತ್ತದೆ. ಗಿರಾಕಿಯಾಗಿ ಮಾತಾಡಿ. ನಿಮ್ಮ ಮುಂದಿನ ವರದಿ ಸ್ವಲ್ಪ ಮಾಸಲಾಗಿ ಕಂಡರೆ ಯಾರ ಪ್ರಾಣವೂ ಹೋಗುವುದಿಲ್ಲ. ಈಗಿನದು ಬೆಳ್ಳಗಿರುವುದಕ್ಕೆ ಹೋಗಬಹುದು.

ಆ ನೀರನ್ನು ನೀವೇ ಕುಡಿದು ತೋರಿಸಿ ಎಂದು ಸವಾಲು ಹಾಕುವುದು ಇಂಥ ಪತ್ರಗಳ ವಾಡಿಕೆ. ನಾನು ಹಾಕುವುದಿಲ್ಲ. ಹಾಕಿದರೆ ನೀವು ಉದ್ಘಾಟನೆಯ ದಿನ ಬಂದು, ಗಟಗಟನೆ ಕುಡಿದು, ಫೋಟೋ ತೆಗೆಸಿಕೊಂಡು ಹೋಗುತ್ತೀರಿ. ಅವತ್ತು ಮಂಗಳವಾರ. ಏನೂ ಆಗುವುದಿಲ್ಲ, ನಿಮಗೆ.

ನನ್ನ ಬೇಡಿಕೆ ಇಷ್ಟೇ. ಆ ಪಂಪಿನ ಗುಂಡಿ ಒತ್ತಬೇಡಿ. ಅದಕ್ಕೆ ಮೊದಲು ಒಂದು ತಿಂಗಳು, ಮಂಗಳವಾರ ಬಿಟ್ಟು ಬೇರೆ ದಿನಗಳಲ್ಲಿ, ಯಾವ ದಿನವೆಂದು ನಿಮ್ಮ ಜೀಪಿನ ಚಾಲಕನಿಗೂ ಹೇಳದೆ ಬನ್ನಿ. ಇಪ್ಪತ್ತೆರಡು ಮೆಟ್ಟಿಲು ನೀವೇ ಇಳಿಯಿರಿ. ಬಾಟಲಿಯನ್ನು ನಿಮ್ಮ ಕೈಯಿಂದ ತುಂಬಿಸಿ. ಮೆಟ್ಟಿಲು ಜಾರುತ್ತದೆ, ಎಡಗಡೆಯ ಕಂಬಿ ಹಿಡಿದುಕೊಳ್ಳಿ. ಆ ಅಂಕಿಯನ್ನು ಅದೇ ಮೂವತ್ತೇಳನೆಯ ಪುಟದ ಗೆರೆಯ ಪಕ್ಕದಲ್ಲಿ ಅಚ್ಚು ಮಾಡಿಸಿ, ಆಮೇಲೆ ಯಾವ ಸೋಸಣೆ ಬೇಕು ಎಂದು ನಿರ್ಧರಿಸಿ. ಅಲ್ಲಿಯವರೆಗೆ ಆ ಹನ್ನೊಂದು ಬೀದಿಗೆ ಟ್ಯಾಂಕರಿನಲ್ಲಿ ಬೇರೆ ಕಡೆಯ ನೀರು ಕಳಿಸಿ. ಐವತ್ತು ವರ್ಷ ಕೊಡ ಹೊತ್ತವಳು ಸರಿಯಾದ ಸೋಸಣೆ ಕೂರಿಸುವವರೆಗೆ ಇನ್ನೂ ಆರು ತಿಂಗಳು ಹೊರುತ್ತಾಳೆ, ಆದರೆ ಹೊರಬೇಕಾದವಳು ಅವಳಲ್ಲ.

ಈ ಪತ್ರದ ಜೊತೆ ಒಂದು ಲಕೋಟೆ ಇದೆ. ಅದರಲ್ಲಿ ಏಳು ಚಿಂದಿಗಳಿವೆ. ಏಳೂ ಒಂದೇ ಹಳೆಯ ಬೆಡ್‌ಶೀಟಿನಿಂದ ಹರಿದವು. ಅಂದು ನಾನು ಹೊರಟ ಮೇಲೆ ಅಕ್ಕ ಏಳು ದಿನ ಕೈಪಂಪಿಗೆ ಹೋಗುವ ದಾರಿಯಲ್ಲಿ ನದಿಗೆ ಇಳಿದು, ದಿನಕ್ಕೊಂದು ಅದ್ದಿ, ಟೀ ಕುಡಿದು, ಒಣಗಿಸಿ, ಪಿನ್ನು ಚುಚ್ಚಿ ಇಟ್ಟಿದ್ದಾಳೆ. ಅವಳಿಗೆ ಬರೆಯಲು ಬರುವುದಿಲ್ಲ, ಆದ್ದರಿಂದ ಯಾವುದು ಯಾವ ದಿನದ್ದೆಂದು ಬರೆದಿಲ್ಲ. “ಬರೆಯೋದೇನು ಬೇಡ. ಬೆಳ್ಳಗಿರೋದು ಯಾವತ್ತಿಂದು ಅಂತ ಅವರಿಗೆ ಗೊತ್ತಿಲ್ದೆ ಇದ್ರೆ ಆ ಕುರ್ಚಿ ಯಾಕೆ?” ಎಂದಳು.

ನಲ್ಲಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಅವಳು ಬಿಚ್ಚಿಲ್ಲ. ಮೊದಲು ಅದನ್ನು ಧೂಳು ಹೋಗದಿರಲೆಂದು ಕಟ್ಟಿದ್ದಳು. ಈಗ ಅದರ ಮೇಲೆ ಇನ್ನೊಂದು ಗಂಟು ಹಾಕಿದ್ದಾಳೆ.

ಇಂತಿ,
ನಿಮ್ಮ ಗೆರೆಯನ್ನು ಎಂಟು ವರ್ಷ ಇಳಿಸಿದವನು, ಮುಖಪುಟದ ಹೆಂಗಸಿನ ತಮ್ಮ, ಮಂಗಳವಾರ ಮಾತ್ರ ಸತ್ಯವಂತನಾಗಿದ್ದವನು